ಬೆಳೆಕಸದಿಂದ ಕರೆಂಟು: ಹೊಸಹಳ್ಳಿಯಿಂದ ಬರ್ಕ್ಲಿವರೆಗೆ

ನಾನಿರುವುದು ಮೆನ್ಲೋ ಪಾರ್ಕಿನಲ್ಲಿ, ಮಾಡುವುದು ಎಲೆಕ್ಟ್ರಿಷಿಯನ್ ಕೆಲಸ ಅಂದ ಕೂಡಲೇ ಊರಿನವರು "ಎಡಿಸನ್ ಬಲ್ಬು ಉರಿಸಿದ ಊರಲ್ವಾ ಅದು?" ಅಂತ ಕೇಳ್ತಾರೆ. ಅಲ್ಲ. 1879ರಲ್ಲಿ ಎಡಿಸನ್ ಬಲ್ಬು ಉರಿಸಿದ ಮೆನ್ಲೋ ಪಾರ್ಕ್ ನ್ಯೂಜೆರ್ಸಿಯದು, ದೇಶದ ಆ ತುದಿಯಲ್ಲಿದೆ. ನಮ್ಮದು ಕ್ಯಾಲಿಫೋರ್ನಿಯಾದ್ದು. ಬಲ್ಬಿನ ಕೀರ್ತಿ ಇಲ್ಲದಿದ್ರೂ ನಮ್ಮೂರಿಗೆ ಬೇರೊಂದು ಕೀರ್ತಿ ಇದೆ. 1968ರಲ್ಲಿ ಸ್ಟುವರ್ಟ್ ಬ್ರ್ಯಾಂಡ್ ಅನ್ನುವವರು ‘ಹೋಲ್ ಅರ್ತ್ ಕ್ಯಾಟಲಾಗ್’ ಅನ್ನುವ ದೊಡ್ಡ ಪುಸ್ತಕ ಹೊರಡಿಸಿದ್ದು ಇಲ್ಲಿಂದಲೇ. ಜನ ತಮ್ಮ ಮನೆ, ತಮ್ಮ ತೋಟ, ತಮಗೆ ಬೇಕಾದ ಶಕ್ತಿಯನ್ನು ತಾವೇ ಮಾಡಿಕೊಳ್ಳೋಕೆ ಯಾವ ಹತಾರ ಬೇಕು, ಯಾವ ಪುಸ್ತಕ ಬೇಕು, ಎಲ್ಲಿ ಸಿಗುತ್ತೆ ಅನ್ನುವ ಪಟ್ಟಿ ಅದು.

ಆಗಿನ ಗಾಳಿಯೇ ಹಾಗಿತ್ತು. 1973ರಲ್ಲಿ ಷೂಮಾಕರ್ ಅವರ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಬಂತು. ಅದೇ ವರ್ಷ ಪೆಟ್ರೋಲ್ ಬೆಲೆ ಜಗತ್ತನ್ನೇ ಅಲ್ಲಾಡಿಸಿತು. ಮರುವರ್ಷ, 1974ರಲ್ಲಿ, ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಅನ್ನುವ ಕೇಂದ್ರ ಕಟ್ಟಿದರು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಕೆಲಸ. ಆ ಕೆಲಸದಲ್ಲಿ ಹುಟ್ಟಿದ ಒಂದು ಕತೆಯನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇನೆ. ಸೌದೆ, ಕರಟ, ಬೆಂಡು, ಹೊಟ್ಟು ಇಂಥವನ್ನು ಗ್ಯಾಸ್ ಮಾಡಿ ಕರೆಂಟು ತೆಗೆಯುವ ಕತೆ ಇದು. ಇಂಗ್ಲಿಷಿನಲ್ಲಿ ಗ್ಯಾಸಿಫಿಕೇಶನ್ ಅಂತಾರೆ, ನಮ್ಮ ಪಠ್ಯಪುಸ್ತಕದವರು ಅನಿಲೀಕರಣ ಅಂತಾರೆ. ನಮ್ಮ ವೇದಿಕೆಯಲ್ಲಿ "ಊರಿಗೆ ಏನಾದ್ರೂ ಮಾಡೋಣ" ಅನ್ನುವ ಮಾತು ಬಂದಾಗಲೆಲ್ಲ ಮೊದಲು ಬರುವುದು ಯಂತ್ರ ಕೊಡಿಸುವ ಮಾತೇ. ಅದಕ್ಕೇ ಈ ಚರಿತ್ರೆ ನಮಗೆ ಬೇಕು ಅನ್ನಿಸಿತು.

ಗ್ಯಾಸು ಮೊದಲು, ಬಲ್ಬು ಆಮೇಲೆ

ಗ್ಯಾಸಿನ ದೀಪ ಬಲ್ಬಿಗಿಂತ ಹಳೆಯದು. ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೀಟರ್ ಡೊನಹ್ಯೂ ಅನ್ನುವವರು ಗ್ಯಾಸ್ ಕಂಪನಿ ಕಟ್ಟಿ 1854ರ ಫೆಬ್ರವರಿಯಲ್ಲಿ ಬೀದಿ ದೀಪ ಹೊತ್ತಿಸಿದರು. ಆ ಗ್ಯಾಸು ನೆಲದಿಂದ ಬಂದದ್ದಲ್ಲ. ಹಡಗಿನಲ್ಲಿ ತಂದ ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ತೆಗೆದದ್ದು. ಬಲ್ಬು ಬಂದ ಮೇಲೆ ಆ ದೀಪಗಳು ಒಂದೊಂದಾಗಿ ಆರಿದವು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಈ ಹಳೇ ವಿದ್ಯೆ ಇನ್ನೊಂದು ವೇಷದಲ್ಲಿ ಬಂತು. ಯೂರೋಪಿನಲ್ಲಿ ಲಕ್ಷಗಟ್ಟಲೆ ಕಾರು, ಲಾರಿ, ಟ್ರ್ಯಾಕ್ಟರು ಸೌದೆ ಗ್ಯಾಸಿನಲ್ಲಿ ಓಡಿದವು. ಮೈಸೂರು ಸೀಮೆಯಲ್ಲೂ ಕರಾವಳಿಯಲ್ಲೂ ಇದ್ದಿಲು ಬಸ್ಸುಗಳು ಓಡಿದವು. ಬಸ್ಸಿನ ಹಿಂಬದಿಗೆ ಡ್ರಮ್ಮಿನಂಥ ಒಲೆ, ಅದಕ್ಕೆ ಇದ್ದಿಲು ತುಂಬಿ, ಗಾಳಿಯ ಚಕ್ರವನ್ನು ಕೈಯಲ್ಲಿ ತಿರುಗಿಸಿ ಗ್ಯಾಸು ಹುಟ್ಟಿದ ಮೇಲೆ ಎಂಜಿನ್ ಚಾಲೂ. ದಿಣ್ಣೆ ಬಂದರೆ ಬಸ್ಸು ಏದುಸಿರು ಬಿಡ್ತಿತ್ತು. ಯುದ್ಧ ಮುಗಿದು ಪೆಟ್ರೋಲ್ ಸಿಕ್ಕ ಕೂಡಲೇ ಒಲೆ ಕಳಚಿ ಗುಜರಿಗೆ ಹಾಕಿದರು. ಈ ವಿದ್ಯೆಯ ಹಣೆಬರಹವೇ ಅಷ್ಟು. ಕಷ್ಟ ಬಂದಾಗ ನೆನಪಾಗುತ್ತೆ, ಸುಖ ಬಂದಾಗ ಮರೆತುಹೋಗುತ್ತೆ.

ಒಳಗೆ ಏನಾಗುತ್ತೆ

ಓದುವವರಲ್ಲಿ ಬಹಳ ಜನ ಸಾಫ್ಟ್‌ವೇರಿನವರು, ಹಾಗಾಗಿ ನಾಲ್ಕು ಸಾಲಿನಲ್ಲಿ ಯಂತ್ರದ ಒಳಗಿನ ಕತೆ ಹೇಳಿಬಿಡ್ತೀನಿ.

ಸೌದೆಗೆ ಬೇಕಾದಷ್ಟು ಗಾಳಿ ಕೊಟ್ಟರೆ ಉರಿದು ಬೂದಿಯಾಗುತ್ತೆ, ಶಾಖ ಮಾತ್ರ ಸಿಗುತ್ತೆ. ಪೂರ್ತಿ ಉರಿಯೋಕೆ ಬೇಕಾದ ಗಾಳಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಬಿಟ್ಟರೆ ಅರೆಬರೆ ಉರಿಯುತ್ತೆ. ಮೊದಲು ನೀರಿನಂಶ ಹೋಗುತ್ತೆ, ಆಮೇಲೆ ಹೊಗೆ ಮತ್ತು ಟಾರು ಬಿಟ್ಟು ಸೌದೆ ಇದ್ದಿಲಾಗುತ್ತೆ. ಕೆಂಪಗೆ ಕಾದ ಆ ಇದ್ದಿಲಿನ ಮೂಲಕ ಹೊಗೆ ಹಾಯುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಹುಟ್ಟುತ್ತವೆ. ಇವೆರಡೂ ಉರಿಯುವ ಗ್ಯಾಸು. ಒಟ್ಟು ಗ್ಯಾಸಿನಲ್ಲಿ ಒಂದೊಂದೂ ಸುಮಾರು ಶೇ. 20ರಷ್ಟು ಇರುತ್ತೆ. ಅರ್ಧದಷ್ಟು ಗಾಳಿಯ ನೈಟ್ರೋಜನ್ನೇ, ಅದು ಯಾಕೂ ಬರಲ್ಲ. ಹಾಗಾಗಿ ಈ ಗ್ಯಾಸು ಎಲ್‌ಪಿಜಿಯಷ್ಟು ಗಟ್ಟಿಯಲ್ಲ, ತೆಳ್ಳಗಿನ ಮಜ್ಜಿಗೆ ಇದ್ದ ಹಾಗೆ. ಆದರೂ ತಣ್ಣಗೆ ಮಾಡಿ, ಸೋಸಿ ಎಂಜಿನ್ನಿಗೆ ಕೊಟ್ಟರೆ ಓಡುತ್ತೆ. ಡೀಸೆಲ್ ಎಂಜಿನ್ನಿಗೆ ಕೊಟ್ಟರೆ ಕಿಡಿ ಹೊತ್ತೋಕೆ ಸ್ವಲ್ಪ ಡೀಸೆಲ್ ಸಾಕು, ಮುಕ್ಕಾಲು ಪಾಲು ಡೀಸೆಲ್ ಉಳಿಯುತ್ತೆ. ಒಂದು ಯೂನಿಟ್ ಕರೆಂಟಿಗೆ ಒಂದರಿಂದ ಒಂದೂವರೆ ಕೆ.ಜಿ. ಒಣ ಸೌದೆ ಬೇಕು.

ಇದರಲ್ಲಿ ಶತ್ರುಗಳು ಮೂರು. ಒಂದು ಟಾರು: ಸರಿಯಾಗಿ ಒಡೆಯದಿದ್ರೆ ಎಂಜಿನ್ನಿನ ವಾಲ್ವಿಗೆ ಅಂಟುತ್ತೆ. ಎರಡು ತೇವ: ಸೌದೆಯಲ್ಲಿ ನೀರು ಶೇ. 15-20 ದಾಟಿದರೆ ಬೆಂಕಿ ತಣ್ಣಗಾಗಿ ಟಾರು ಹೆಚ್ಚಾಗುತ್ತೆ. ಮೂರು ಆ ಕಾರ್ಬನ್ ಮಾನಾಕ್ಸೈಡೇ: ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಯಾಡದ ಶೆಡ್ಡಿನಲ್ಲಿ ಸೋರಿದರೆ ಆಳು ಬೀಳ್ತಾನೆ. ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಯು. ಶ್ರೀನಿವಾಸ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೇ ಕೂತರು. ಮುಕುಂದ ಅವರದು ವಿಮಾನ, ರಾಕೆಟ್ಟಿನ ದಹನ ವಿಜ್ಞಾನದ ವಿಭಾಗ. ರಾಕೆಟ್ಟಿನ ಬೆಂಕಿ ಬಲ್ಲವರು 5 ಎಚ್.ಪಿ. ಪಂಪಿಗೆ ಸೌದೆ ಒಲೆ ಮಾಡಲು ಕೂತದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಅವರ ಮಾದರಿಯಲ್ಲಿ ಒಲೆಯ ಬಾಯಿ ಮೇಲೆ ತೆರೆದೇ ಇರುತ್ತೆ. ಮೇಲಿಂದಲೂ ಪಕ್ಕದ ಕೊಳವೆಯಿಂದಲೂ ಗಾಳಿ ಒಳಗೆ ಹೋಗುತ್ತೆ. ಕಾದ ಜಾಗ ಉದ್ದವಾಗಿರುವುದರಿಂದ ಟಾರು ಅಲ್ಲೇ ಒಡೆದುಹೋಗುತ್ತೆ.

83 ವರ್ಷ ತಡವಾಗಿ

ನಮ್ಮ ನಾಡು ಕರೆಂಟಿನಲ್ಲಿ ಹಿಂದೆ ಬಿದ್ದದ್ದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆದರೆ ಗಣಿಗೆ, ಪೇಟೆಗೆ ಹೋದ ತಂತಿ ಎಲ್ಲ ಹಳ್ಳಿಗೂ ಹೋಗಲಿಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸುಮಾರು 35 ಮನೆ, ಇನ್ನೂರು ಚಿಲ್ಲರೆ ಜನ. ಅಲ್ಲಿ ಮೊದಲು ಕರೆಂಟು ಉರಿದದ್ದು 1988ರಲ್ಲಿ. ಬೆಂಗಳೂರಿಗೆ ದೀಪ ಬಂದು 83 ವರ್ಷ ಆಗಿತ್ತು. ಅದೂ ತಂತಿ ಎಳೆದು ಬಂದದ್ದಲ್ಲ, ಸೌದೆ ಗ್ಯಾಸಿನಿಂದ ಬಂದದ್ದು.

ಅಸ್ತ್ರದವರಿಗೆ ಆ ಸೀಮೆ ಹೊಸದೇನಲ್ಲ. ಹತ್ತಿರದ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಪಕ್ಕದ ಪುರ ಅನ್ನುವ ಹಳ್ಳಿಯಲ್ಲಿ ಸಗಣಿಯ ಗೋಬರ್ ಗ್ಯಾಸಿನಿಂದ ಅಡುಗೆ ಮಾಡಿಸೋಕೆ ಹೋಗಿ ಗ್ಯಾಸು ಸಾಲದೆ ನಿಂತಿತ್ತು. ಆಮೇಲೆ ಜನಕ್ಕೆ ಏನು ಬೇಕು ಅಂತ ನೋಡಿ, 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಮತ್ತು ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕ ಮಾಡಿ ದುಡ್ಡು, ಗೊಬ್ಬರ ಮತ್ತೆ ಅವರವರ ಹೊಲಕ್ಕೆ. ಆಗ ನಡೀತು.

ಹೊಸಹಳ್ಳಿಗೆ ಇಟ್ಟದ್ದು 5 ಎಚ್.ಪಿ. ಡೀಸೆಲ್ ಎಂಜಿನ್ನು, 3.7 ಕಿಲೋವಾಟ್. ಊರ ಹತ್ತಿರ ಸೌದೆಗೆ ಅಂತಲೇ ಒಂದು ತೋಪು ಬೆಳೆಸಿದರು. ಮೊದಲು ದೀಪ, ಆಮೇಲೆ ಕುಡಿಯುವ ನೀರಿನ ಪಂಪು, ಹಿಟ್ಟಿನ ಗಿರಣಿ, ಮುಂದೆ ನೀರಾವರಿ. 3.7 ಕಿಲೋವಾಟ್ ಸಾಲದಾದಾಗ 20 ಕಿಲೋವಾಟಿನದು ಬಂತು. ಎನ್. ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಲೆಕ್ಕ ಇಟ್ಟರು.

ಐಟಿಐಯಲ್ಲಿ ಲೋಡ್ ಲೆಕ್ಕ ಕಲಿತವನಾದ್ದರಿಂದ ನಾನೂ ಒಂದು ಲೆಕ್ಕ ಹಾಕಿದೆ. ಮನೆಗೊಂದು 40 ವಾಟಿನ ಟ್ಯೂಬ್‌ಲೈಟು, ಒಂದು 15 ವಾಟಿನ ಬಲ್ಬು ಅಂತ ಹಿಡಿಯಿರಿ. 55 ವಾಟ್. 35 ಮನೆಗೆ 1,925 ವಾಟ್. ಇಲ್ಲಿ ಮೆನ್ಲೋ ಪಾರ್ಕಿನಲ್ಲಿ ಒಂದು ಮನೆಯ ಅಡುಗೆಕೋಣೆಗೆ ಹಾಕುವ 20 ಆಂಪಿಯರಿನ ಒಂದೇ ಸರ್ಕ್ಯೂಟು, 120 ವೋಲ್ಟಿನಲ್ಲಿ, 2,400 ವಾಟ್ ತಡೆಯುತ್ತೆ. ಬಿಡದೆ ಓಡುವ ಲೋಡಿಗೆ ಅದರ ಶೇ. 80 ಮಾತ್ರ ಹಾಕಬೇಕು ಅನ್ನೋದು ಇಲ್ಲಿನ ನಿಯಮ. ಅಂದ್ರೆ 1,920 ವಾಟ್. ಟೋಸ್ಟರು, ಮಿಕ್ಸಿ ಹಾಕುವ ಒಂದು ಪ್ಲಗ್ಗಿನ ಸಾಲಿನಲ್ಲಿ ಒಂದು ಹಳ್ಳಿಯ ರಾತ್ರಿ ಪೂರ್ತಿ ಹಿಡಿಸಿಬಿಡುತ್ತೆ. ಅದೇ ಮನೆಗೆ ನಾವು ಈಗ ಹಾಕುವ ಪ್ಯಾನೆಲ್ಲು 200 ಆಂಪಿಯರ್, 240 ವೋಲ್ಟಿಗೆ 48 ಕಿಲೋವಾಟ್. ಹೊಸಹಳ್ಳಿಯ ದೊಡ್ಡ ಯಂತ್ರ ಎರಡಿದ್ರೂ ಸಾಲದು.

ಸಂಜೆ ನಾಲ್ಕು ಗಂಟೆ ದೀಪ ಉರಿದರೆ 8 ಯೂನಿಟ್ಟಿಗಿಂತ ಕಡಿಮೆ. ಸೌದೆ ಹತ್ತು ಕೆ.ಜಿ. ಆಸುಪಾಸು, ಸಣ್ಣ ಲೋಡಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಒಂದು ಹೊರೆಗೂ ಕಡಿಮೆ ಸೌದೆಯಲ್ಲಿ ಒಂದು ಊರಿನ ಮಕ್ಕಳು ಓದಿಕೊಂಡವು, ಹೆಣ್ಣುಮಕ್ಕಳು ಬೆಳಕಿನಲ್ಲಿ ಅಡುಗೆ ಮಾಡಿದರು.

ಓಡಿಸಿದವರು ಯಾರು

2004ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರವೀಂದ್ರನಾಥ್, ದಾಸಪ್ಪ ಮತ್ತು ಸಂಗಡಿಗರು ಲೆಕ್ಕ ಪ್ರಕಟಿಸಿದರು. ಕೊನೆಯ ಆರು ವರ್ಷದಲ್ಲಿ ಶೇ. 85ಕ್ಕೂ ಹೆಚ್ಚು ದಿನ ದೀಪ ಮತ್ತು ನಲ್ಲಿ ನೀರು ಕೊಟ್ಟಿತ್ತು ಆ ಯಂತ್ರ. ಆಗಿನ ಕಾಲಕ್ಕೆ ತಂತಿ ಇದ್ದ ಎಷ್ಟೋ ಹಳ್ಳಿಗಳಿಗೆ ಆ ಭಾಗ್ಯ ಇರಲಿಲ್ಲ ಅನ್ನೋದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಪರೀಕ್ಷೆ ಹಿಂದಿನ ರಾತ್ರಿ ಸೀಮೆಎಣ್ಣೆ ಬುಡ್ಡಿ ಹಚ್ಚಿದವರೇ ನಾವು.

ಆ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಅದೇ ಮುಖ್ಯ. ಸೌದೆ, ಓಡಿಸುವುದು, ರಿಪೇರಿ ಎಲ್ಲ ಸೇರಿ ಖರ್ಚು 5 ಕಿಲೋವಾಟ್ ಲೋಡಿನಲ್ಲಿ ಯೂನಿಟ್ಟಿಗೆ 5.85 ರೂಪಾಯಿ, 20 ಕಿಲೋವಾಟ್ ಲೋಡಿನಲ್ಲಿ 3.34 ರೂಪಾಯಿ. ಯಾಕೆ ಇಷ್ಟು ವ್ಯತ್ಯಾಸ? ಲೋಡು ಕಾಲು ಭಾಗ ಆದ್ರೆ ಓಡಿಸುವವನ ಸಂಬಳವೂ ಕಾಲು ಭಾಗ ಆಗಲ್ಲ. ಬೆಳಿಗ್ಗೆ ಸೌದೆ ಕೊಚ್ಚಬೇಕು, ಒಣ ಹಾಕಬೇಕು, ಬೂದಿ ತೆಗೀಬೇಕು, ಫಿಲ್ಟರ್ ತೊಳೀಬೇಕು, ಸಂಜೆ ಒಲೆ ಹೊತ್ತಿಸಬೇಕು. ಬರೇ ದೀಪಕ್ಕಾದ್ರೂ ಅಷ್ಟೇ ಕೆಲಸ, ಗಿರಣಿ, ಪಂಪು ಸೇರಿದ್ರೂ ಅಷ್ಟೇ. ಹೊಸಹಳ್ಳಿಯಲ್ಲಿ ಈ ಕೆಲಸ ಮಾಡಿದವರು ಎಂಜಿನಿಯರುಗಳಲ್ಲ, ತರಬೇತಿ ಪಡೆದ ಊರಿನ ಹುಡುಗರು. ಸಂಸ್ಥೆಯವರ ಬೆಂಬಲ ಬೆನ್ನಿಗಿತ್ತು, ನಿಜ. ಆದರೆ ದಿನಾ ಕೈ ಕಪ್ಪು ಮಾಡಿಕೊಂಡವರು ಇವರು.

ಇದಕ್ಕೆ ಎದುರು ಉದಾಹರಣೆಯೂ ಅದೇ ಕಾಲದ್ದು. 1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ದೇಶದ ತುಂಬ ರೈತರಿಗೆ ಭಾರಿ ಸಬ್ಸಿಡಿಯಲ್ಲಿ ಗ್ಯಾಸಿಫೈಯರ್ ಇರುವ ನೀರಾವರಿ ಪಂಪ್‌ಸೆಟ್ ಹಂಚಿಸಿತು. ಬಹಳ ಕಡೆ ಏನಾಯ್ತು ಅಂದ್ರೆ, ರೈತರು ಸಬ್ಸಿಡಿಯಲ್ಲಿ ಸಿಕ್ಕ ಡೀಸೆಲ್ ಪಂಪು ಇಟ್ಟುಕೊಂಡರು, ಒಲೆಯನ್ನು ಮೂಲೆಗೆ ತಳ್ಳಿದರು. ರೈತರನ್ನ ಬೈಯೋದು ಸುಲಭ. ಆದರೆ ನೀರು ಬಿಡುವ ಹೊತ್ತಿನಲ್ಲಿ ಅವನು ಮಡೆ ಕಟ್ಟಬೇಕಾ, ಸೌದೆ ಕೊಚ್ಚಬೇಕಾ? ಹೊಸಹಳ್ಳಿಯಲ್ಲಿ ಒಲೆ ನೋಡಿಕೊಳ್ಳೋದೇ ಒಬ್ಬರ ಕೆಲಸ ಆಗಿತ್ತು. ಪಂಪಿನ ಯೋಜನೆಯಲ್ಲಿ ಅದು ರೈತನ ತಲೆ ಮೇಲೆ ಬಿದ್ದ ಇನ್ನೊಂದು ಕೆಲಸ.

ಕಸ ಅನ್ನೋದು ಯಾರ ಕಸ?

ಹೊಸಹಳ್ಳಿ ಓಡಿದ್ದು ತೋಪಿನ ಸೌದೆಯಲ್ಲಿ. ಬೆಳೆಕಸದಲ್ಲೇ ಓಡಿಸಬಹುದಲ್ಲ ಅಂತ ಎಲ್ಲರೂ ಕೇಳ್ತಾರೆ. ಓಡಿಸಬಹುದು, ಆದರೆ ಎರಡು ತೊಡಕಿವೆ.

ಮೊದಲನೆಯದು ಯಂತ್ರದ್ದು. ತೆಂಗಿನ ಕರಟ, ಮೆಕ್ಕೆಜೋಳದ ಬೆಂಡು, ಹಿಪ್ಪುನೇರಳೆ ಕಡ್ಡಿ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಇವೆಲ್ಲ ಗಟ್ಟಿ, ಕತ್ತರಿಸಿ ಒಣಗಿಸಿದರೆ ಸೌದೆಯ ಹಾಗೇ. ಭತ್ತದ ಹೊಟ್ಟು ಹಾಗಲ್ಲ. ಹಗುರ, ಒಲೆಯಲ್ಲಿ ತಾನಾಗಿ ಕೆಳಗಿಳಿಯಲ್ಲ, ಬೂದಿಯೇ ಸುಮಾರು ಐದನೇ ಒಂದು ಪಾಲು, ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದಕ್ಕೆ ಬೇರೆ ನಮೂನೆ ಒಲೆ ಬೇಕು, ಇಲ್ಲವೇ ಒತ್ತಿ ಬ್ರಿಕೆಟ್ ಮಾಡಬೇಕು. ಒತ್ತೋಕೂ ಕರೆಂಟು ಬೇಕು.

ಎರಡನೆಯದು ಊರಿನದು. ಹಳ್ಳಿಯಲ್ಲಿ ಕಸ ಅನ್ನುವ ವಸ್ತು ಬಹಳ ಕಡಿಮೆ. ರಾಗಿ ಹುಲ್ಲು ದನಕ್ಕೆ, ಜೋಳದ ದಂಟೂ ದನಕ್ಕೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಅಡುಗೆ ಒಲೆಗೆ, ತೆಂಗಿನ ಗರಿ ಬಚ್ಚಲ ಒಲೆಗೆ. ಬೂದಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಎಕ್ಸೆಲ್ ಶೀಟಿನಲ್ಲಿ "ಉಳಿಕೆ" ಅಂತ ಕಾಣುವ ಕಟ್ಟಿಗೆ ಯಾವುದೋ ಬಡವರ ಮನೆ ಸೌದೆ. ಅದಕ್ಕೆ ಬೆಲೆ ಬಂದ ದಿನ ಬಿಟ್ಟಿ ಸಿಗ್ತಿದ್ದವರಿಗೆ ಸಿಗಲ್ಲ. ನಿಜವಾಗಿ ಉಳಿಯುವ ಕಸ ಇರೋದು ಗಿರಣಿಯ ಬಳಿ, ಒಂದೇ ಕಡೆ ರಾಶಿ ಬೀಳುವಲ್ಲಿ. ಅಕ್ಕಿ ಗಿರಣಿಯ ಹೊಟ್ಟು, ಕೊಬ್ಬರಿ ಮಂಡಿಯ ಕರಟ, ಕಾಫಿ ಕ್ಯೂರಿಂಗಿನ ಸಿಪ್ಪೆ. ಅದಕ್ಕೇ ನಮ್ಮಲ್ಲಿ ಗ್ಯಾಸಿಫೈಯರ್ ಹೆಚ್ಚು ನಿಂತದ್ದು ಶಾಖ ಬೇಕಾದ ಕಸುಬುಗಳಲ್ಲಿ. ರೇಷ್ಮೆ ನೂಲು ತೆಗೆಯುವ ಒಲೆ, ಚೆಂಡುಹೂವು ಒಣಗಿಸುವ ಕಾರ್ಖಾನೆ ಇಂಥಲ್ಲಿ. ಅಲ್ಲಿ ದಿನಾ ಕೆಲಸ, ದಿನಾ ಆಳು, ದಿನಾ ದುಡ್ಡು.

ಹೊಟ್ಟಿನಿಂದ ಕರೆಂಟು ತೆಗೆದು ಹೆಸರು ಮಾಡಿದವರು ಬಿಹಾರದವರು. ಲಾಸ್ ಏಂಜಲೀಸಿನಲ್ಲಿ ಎಂಜಿನಿಯರ್ ಆಗಿದ್ದ ಜ್ಞಾನೇಶ್ ಪಾಂಡೆ ಊರಿಗೆ ಮರಳಿ, ಗೆಳೆಯರ ಜೊತೆ 2007ರ ಆಗಸ್ಟ್ 15ರಂದು ಪಶ್ಚಿಮ ಚಂಪಾರಣದ ತಮ್ಕುಹಾ ಅನ್ನುವ ಹಳ್ಳಿಯಲ್ಲಿ ಭತ್ತದ ಹೊಟ್ಟಿನ ಯಂತ್ರ ಓಡಿಸಿದರು. ಹಸ್ಕ್ ಪವರ್ ಸಿಸ್ಟಮ್ಸ್ ಅನ್ನುವ ಆ ಕಂಪನಿ ಹತ್ತಾರು ಹಳ್ಳಿಗೆ ಬೆಳೆಯಿತು. ಆಮೇಲೆ ಸೋಲಾರ್ ಅಗ್ಗ ಆದಾಗ ಹಗಲಿಗೆ ಸೋಲಾರು, ರಾತ್ರಿಗೆ ಹೊಟ್ಟು ಅಂತ ಎರಡನ್ನೂ ಜೋಡಿಸಿಕೊಂಡರು. ಬಿಸಿಲಿಗೆ ಯಾರೂ ಸೌದೆ ಕೊಚ್ಚಬೇಕಾಗಿಲ್ಲವಲ್ಲ.

ನಮ್ಮಲ್ಲಿ ಅದೇ ಹೊತ್ತಿಗೆ ತುಮಕೂರು ಜಿಲ್ಲೆಯ ಕಬ್ಬಿಗೆರೆಯಲ್ಲಿ ರಾಜ್ಯ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಬೆರಿ’ ಯೋಜನೆಯಲ್ಲಿ 500 ಕಿಲೋವಾಟ್ ಸ್ಥಾವರ ಬಂತು. ಹೊಸಹಳ್ಳಿಗಿಂತ 25 ಪಟ್ಟು ದೊಡ್ಡದು, ಡೀಸೆಲ್ಲೇ ಇಲ್ಲದೆ ಬರೇ ಗ್ಯಾಸಿನಲ್ಲಿ ಓಡುವ ಎಂಜಿನ್ನುಗಳು, ಕರೆಂಟು ಗ್ರಿಡ್ಡಿಗೆ ಮಾರಾಟ. ಯಂತ್ರ ಓಡುತ್ತೆ ಅಂತ ಸಾಬೀತಾಯ್ತು. ಆದರೆ ಗ್ರಿಡ್ಡಿಗೆ ಮಾರಿದರೆ ಸಿಗುವ ಬೆಲೆ ಸರ್ಕಾರ ಕಟ್ಟಿದ್ದು, ಸೌದೆಯ ಬೆಲೆ ಸಂತೆ ಕಟ್ಟಿದ್ದು. ಇಂಥ ಸ್ಥಾವರದ ಕಷ್ಟ ಇರೋದೇ ಆ ಎರಡು ಬೆಲೆಯ ನಡುವೆ.

ಕೊಲ್ಲಿಯ ಆಚೆ ದಡದಲ್ಲಿ

ಇದು ಬಡ ಹಳ್ಳಿಯ ತಾಪತ್ರಯ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿಂದ ಎರಡು ಗಂಟೆ ದಾರಿಯ ಸ್ಯಾನ್ ವಾಕೀನ್ ಕಣಿವೆಗೆ ಹೋಗಿ ನೋಡಿ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ. 80 ಕ್ಯಾಲಿಫೋರ್ನಿಯಾದ್ದು. ಮುದಿಯಾದ ತೋಟ ಕಿತ್ತು ರಾಶಿ ಹಾಕಿ ಬೆಂಕಿ ಇಡುವುದು ಹಿಂದಿನ ಪದ್ಧತಿ. ಆ ಹೊಗೆ ಕೂರುವುದು ಅಲ್ಲೇ ತೋಟದ ಕೂಲಿಯವರ ಎದೆಯಲ್ಲಿ. ಇದನ್ನು ನಿಲ್ಲಿಸಬೇಕು ಅಂತ 2003ರಲ್ಲೇ ಕಾನೂನು ಬಂತು, ಆದರೆ ಗಡುವು ಮುಂದಕ್ಕೆ ಹೋಗ್ತಾ ಹೋಗ್ತಾ ಕೊನೆಗೆ 2025ರ ಜನವರಿ 1ಕ್ಕೆ ಬಂದು ನಿಂತಿತು. ನಡುವೆ 2012ರಲ್ಲಿ ಸಣ್ಣ ಜೈವಿಕ ಸ್ಥಾವರಗಳಿಂದ 250 ಮೆಗಾವಾಟ್ ಕೊಳ್ಳಬೇಕು ಅಂತ ರಾಜ್ಯ ಕಾನೂನು ಮಾಡಿತು. ಅದರಲ್ಲಿ 90 ಮೆಗಾವಾಟ್ ಹೈನುಗಾರಿಕೆ ಮತ್ತು ಬೆಳೆಕಸದ್ದು. ಅಷ್ಟಾದ್ರೂ ಬಹಳ ತೋಟದವರು ಈಗ ಮರ ಪುಡಿ ಮಾಡಿ ಅದೇ ಮಣ್ಣಿಗೆ ಸೇರಿಸ್ತಿದ್ದಾರೆ. ಕಸ ಹೊತ್ತು ಸಾಗಿಸುವ ಖರ್ಚಿಗಿಂತ ಅದು ವಾಸಿ.

ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ ಆಲ್ ಪವರ್ ಲ್ಯಾಬ್ಸ್ ಅನ್ನುವ ಕಂಪನಿ ಹುಟ್ಟಿದ್ದು ವಿಚಿತ್ರ ರೀತಿಯಲ್ಲಿ. ಹಡಗಿನ ಕಂಟೇನರುಗಳಲ್ಲಿ ಕಟ್ಟಿಕೊಂಡ ಕಲಾವಿದರ ಒಂದು ವರ್ಕ್‌ಶಾಪಿಗೆ 2007ರ ಹೊತ್ತಿಗೆ ನಗರಸಭೆ ಕರೆಂಟು ಕಡಿತ ಮಾಡಿಸಿತು. ಅವರು ಯುದ್ಧಕಾಲದ ಗ್ಯಾಸಿಫೈಯರ್ ವಿದ್ಯೆ ಹುಡುಕಿ ತಮ್ಮ ಕರೆಂಟು ತಾವೇ ಮಾಡಿಕೊಳ್ಳೋಕೆ ಹೊರಟರು. ಅಲ್ಲಿಂದ ಬೆಳೆದ ಅವರ ‘ಪವರ್ ಪ್ಯಾಲೆಟ್’ ಅಕ್ರೋಟಿನ ಸಿಪ್ಪೆ, ಮರದ ಚೂರು, ಮೆಕ್ಕೆಜೋಳದ ಬೆಂಡಿನಲ್ಲಿ ಓಡುತ್ತೆ. ಗಾತ್ರ 20 ಕಿಲೋವಾಟ್ ಆಸುಪಾಸು, ಹೊಸಹಳ್ಳಿಯ ದೊಡ್ಡ ಯಂತ್ರದಷ್ಟೇ. ಇದರಲ್ಲಿ ಸೆನ್ಸರ್ ಇದೆ, ಕಂಪ್ಯೂಟರ್ ಇದೆ. ಆದರೂ ಹಸಿ ಸೌದೆ ಹಾಕಿದರೆ ಇದಕ್ಕೂ ಟಾರು ಹಿಡಿಯುತ್ತೆ, ಬೂದಿ ತೆಗೆಯೋಕೆ ಇಲ್ಲೂ ಒಬ್ಬ ಮನುಷ್ಯ ಬೇಕು.

ನಮ್ಮ ಪಾಲಿಗೆ

ಇಷ್ಟನ್ನೂ ಓದಿ ಗ್ಯಾಸಿಫೈಯರ್ ಬೇಡ ಅಂತ ನಾನು ಹೇಳ್ತಿದ್ದೇನೆ ಅಂದುಕೊಳ್ಳಬೇಡಿ. ಇವತ್ತು ದೀಪಕ್ಕೆ ಸೋಲಾರೇ ಸಾಕು. ಆದರೆ ಅಕ್ಕಿ ಗಿರಣಿ, ಬೆಲ್ಲದ ಆಲೆಮನೆ, ರೇಷ್ಮೆ, ಕೊಬ್ಬರಿ ಇಂಥ ಕಸುಬು ಇರುವಲ್ಲಿ, ಕಸ ಒಂದೇ ಕಡೆ ಬೀಳುವಲ್ಲಿ, ಶಾಖವೂ ಕರೆಂಟೂ ದಿನಾ ಬೇಕಾದಲ್ಲಿ ಈ ಒಲೆಗೆ ಇನ್ನೂ ಜಾಗ ಇದೆ.

ನಮ್ಮ ವೇದಿಕೆಯಿಂದ ಮುಂದೆ ಯಾವತ್ತಾದ್ರೂ ಯಾವುದೇ ಊರಿಗೆ ಇಂಥ ಯಂತ್ರ ಕೊಡಿಸುವ ಮಾತು ಬಂದರೆ ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳೋಣ. ಕಸ ಈಗ ಯಾರ ಒಲೆಗೆ ಹೋಗ್ತಿದೆ? ಮಳೆಗಾಲದಲ್ಲಿ ಅದನ್ನು ಒಣಗಿಸೋದು ಎಲ್ಲಿ? ದೀಪ ಬಿಟ್ಟು ಹಗಲು ಹೊತ್ತು ಲೋಡು ಕೊಡುವ ಗಿರಣಿನೋ ಪಂಪೋ ಇದೆಯಾ? ಕೊನೆಯದು, ಓಡಿಸುವ ಹುಡುಗ ಅಥವಾ ಹುಡುಗಿಯ ಸಂಬಳ ಐದು ವರ್ಷ ಎಲ್ಲಿಂದ ಬರುತ್ತೆ? ನಾವು ದಾನ ಕೊಡುವವರು ಯಂತ್ರಕ್ಕೆ ಫಲಕ ಹಾಕಿಸ್ತೀವಿ. ಆ ನಾಲ್ಕನೇ ಪ್ರಶ್ನೆಗೆ ಉತ್ತರ ಇಲ್ಲದಿದ್ರೆ ಅದೇ ದುಡ್ಡಿನಲ್ಲಿ ಹತ್ತಿರದ ಸರ್ಕಾರಿ ಐಟಿಐಯ ಇಬ್ಬರು ಮಕ್ಕಳಿಗೆ ತರಬೇತಿ ಕೊಡಿಸೋಣ. ಯಂತ್ರ ಆಮೇಲೆ ತರಬಹುದು, ಆಗ ಅದನ್ನು ನೋಡಿಕೊಳ್ಳೋಕೆ ಊರಲ್ಲೇ ಜನ ಇರ್ತಾರೆ.